ಗಾಜಿನ ನೂಲಿನ ಕಾಲು

ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನನ್ನ ಖಾಲಾಳ, ಅಂದರೆ ತಾಯಿಯ ತಂಗಿಯ, ಮನೆಯ ಮಾಳಿಗೆಯ ಮೇಲಿನ ನೀರಿನ ಟಾಕಿ ಸೀಳಿತ್ತು. ಮೊನ್ನೆ ಹೋದಾಗ ರಿಪೇರಿಯವನೊಬ್ಬ ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಸೀಳಿನ ಮೇಲೆ ಗಾಜಿನ ನೂಲಿನ ಬಟ್ಟೆಯ ತುಂಡು ಹಾಸಿ, ಬ್ರಶ್ಶಿನಿಂದ ರಾಳ ಬಳಿಯುತ್ತಿದ್ದ. ಕೆಳಗೆ ಅಂಗಳದಲ್ಲಿ ನಿಂತಿದ್ದ ನನ್ನವರೆಗೂ ಆ ವಾಸನೆ ಇಳಿದು ಬಂತು. ಸಿಹಿ ಎನ್ನಲಾಗದ, ಘಾಟು ಎನ್ನಲೂ ಆಗದ, ಹುಬ್ಬುಗಳ ನಡುವೆ ಬಂದು ಕೂತುಬಿಡುವ ವಾಸನೆ ಅದು. ನನ್ನ ಕೆನ್ನೆಗಳು ಬಿಸಿಯಾದವು. ಇಷ್ಟು ವರ್ಷಗಳಾದ ಮೇಲೂ ದೇಹ ಮರೆತಿರಲಿಲ್ಲ.

ಆ ವಾಸನೆಯಲ್ಲಿ ನಾನು ಒಂದು ವರ್ಷ ಬದುಕಿದ್ದೇನೆ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಂಗಡಿಗಳ ಬೋರ್ಡಿನಲ್ಲಿ ‘ಜಿ. ಧಾರವಾಡ’ ಎಂದಿದ್ದ ಕಡೆ ಬಿಳಿ ಬಣ್ಣ ಹೊಡೆದು ‘ಜಿ. ಗದಗ’ ಎಂದು ಬರೆಸುತ್ತಿದ್ದರು. ಬಿಸಿಲಿಗೆ ಬಣ್ಣ ಸವೆದು ಹಳೆಯ ಅಕ್ಷರಗಳು ಮತ್ತೆ ಇಣುಕುತ್ತಿದ್ದವು. ಸರಕಾರಿ ಕಚೇರಿಗಳು ಬಾಡಿಗೆ ಮನೆಗಳಲ್ಲಿ, ಯಾರದೋ ದೇವರ ಕೋಣೆಯಲ್ಲಿ, ಯಾರದೋ ಹಿತ್ತಲಲ್ಲಿ ನಡೆಯುತ್ತಿದ್ದವು. ಎಲ್ಲರಿಗೂ ಏನಾದರೂ ಹೊಸದನ್ನು ಮಾಡಿ ತೋರಿಸುವ ಅವಸರ. ಆ ವರ್ಷವೇ ನನಗೆ ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕಬ್ಬಿಣ, ಕಟ್ಟಿಗೆ, ಕಾಂಕ್ರೀಟು ಇವುಗಳನ್ನು ಎಳೆದು ಒತ್ತಿ ನೋಡುವ ಪ್ರಯೋಗಾಲಯದಲ್ಲಿ ಸಹಾಯಕಿ. ನನ್ನೂರು ಲಕ್ಷ್ಮೇಶ್ವರ. ಗದಗದಲ್ಲಿ ಇರುವುದಕ್ಕೆ ಖಾಲಾಳ ಮನೆಯಿತ್ತು.

ನನ್ನ ಎಡಗಾಲು ಪೋಲಿಯೋ ಕಾಲು. ಮೊಣಕಾಲಿನ ತನಕ ಪರವಾಗಿಲ್ಲ. ಅದರ ಕೆಳಗೆ ಮಾಂಸವಿಲ್ಲ. ಪಾದವನ್ನು ಎತ್ತಿ ಹಿಡಿಯುವ ಶಕ್ತಿಯಿಲ್ಲದೆ ಅದು ಜೋತುಬೀಳುತ್ತದೆ. ಹಾಗಾಗಿ ಎರಡೂ ಬದಿಗೆ ಉಕ್ಕಿನ ಸರಳು, ಚರ್ಮದ ಪಟ್ಟಿ, ಕೆಳಗೆ ದಪ್ಪ ಬೂಟು ಇರುವ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಿದ್ದೆ. ಅಬ್ಬಾನದು ಲಕ್ಷ್ಮೇಶ್ವರದಲ್ಲಿ ಸೈಕಲ್ ಅಂಗಡಿ. ವಾರಕ್ಕೊಮ್ಮೆ ನನ್ನ ಕ್ಯಾಲಿಪರಿನ ಕೀಲಿಗೂ ಅವನೇ ಎಣ್ಣೆ ಬಿಡುತ್ತಿದ್ದ. ಎಷ್ಟು ಎಣ್ಣೆ ಬಿಟ್ಟರೂ ಅದು ಸಪ್ಪಳ ಮಾಡುತ್ತಿತ್ತು. ಹೆಜ್ಜೆ ಇಟ್ಟಾಗ ಒಂದು ಕಟ್, ಎತ್ತಿದಾಗ ಒಂದು ಕಿರ್.

ಕಾಲು ಸಣ್ಣಗಿರುವುದಕ್ಕಿಂತ ಆ ಸಪ್ಪಳಕ್ಕೆ ನಾನು ಹೆಚ್ಚು ನಾಚುತ್ತಿದ್ದೆ. ಕಾಲನ್ನು ಸಲವಾರ ಮುಚ್ಚುತ್ತಿತ್ತು, ಸಪ್ಪಳವನ್ನು ಏನೂ ಮುಚ್ಚುತ್ತಿರಲಿಲ್ಲ. ಕಾಲೇಜಿನ ಉದ್ದ ಪಡಸಾಲೆಯಲ್ಲಿ ನಾನು ಬರುವುದು ಕಾಣುವ ಮೊದಲೇ ಕೇಳುತ್ತಿತ್ತು. ಹುಡುಗರು ನನಗೆ ‘ಟಕಟಕ ಮೇಡಂ’ ಎಂದು ಹೆಸರಿಟ್ಟಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಎದುರಿಗೆ ಬಂದಾಗ ನಮಸ್ಕಾರವನ್ನೂ ಮಾಡುತ್ತಿದ್ದರು. ಆದರೂ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ತಾಸಿನ ಗಂಟೆ ಹೊಡೆದು, ಎಲ್ಲ ಕೋಣೆಗಳಿಂದ ಹುಡುಗರು ಗದ್ದಲ ಮಾಡುತ್ತ ಹೊರಗೆ ಬರುವವರೆಗೆ ಬಾಗಿಲ ಹಿಂದೆ ಕಾಯುತ್ತಿದ್ದೆ. ಆ ಗದ್ದಲದಲ್ಲಿ ನನ್ನ ಸಪ್ಪಳ ಸೇರಿಸಿ ಪಡಸಾಲೆ ದಾಟುತ್ತಿದ್ದೆ. ನೀರು ಕುಡಿಯಬೇಕಾದರೂ ಗಂಟೆಗೆ ಕಾಯುವುದು ರೂಢಿಯಾಗಿಬಿಟ್ಟಿತ್ತು.

ಪ್ರಯೋಗಾಲಯದಲ್ಲಿ ನನ್ನ ಮೇಲಿನವರು ಹೊಸಮನಿ ಸರ್. ವಯಸ್ಸು ಮೂವತ್ತರ ಆಸುಪಾಸು, ಮೂಲ ಮುಳಗುಂದದ ಕಡೆಯವರು. ಡಾಕ್ಟರೇಟಿಗಾಗಿ ಗಾಜಿನ ನೂಲು ಮತ್ತು ರಾಳ ಕೂಡಿಸಿ ಮಾಡಿದ ಹಲಗೆಗಳ ಬಿಗುವನ್ನು ಅಳೆಯುವ ಕೆಲಸ ಹಿಡಿದಿದ್ದರು. ಜನ ಅದಕ್ಕೆ ಸುಮ್ಮನೆ ಫೈಬರ್ ಎನ್ನುತ್ತಾರೆ. ಮೊದಲ ದಿನವೇ ಅವರು ನನ್ನ ಕೈಗೆ ಒಂದು ತೆಳ್ಳನೆಯ ಪಟ್ಟಿ ಕೊಟ್ಟು, “ಬಗ್ಗಿಸಿ ನೋಡ್ರಿ” ಎಂದರು. ಅದು ಬಗ್ಗಲೊಲ್ಲದು. ಅದೇ ಹಲಗೆಯ ಇನ್ನೊಂದು ಪಟ್ಟಿ ಕೊಟ್ಟರು. ಅದು ಹಪ್ಪಳದ ಹಾಗೆ ಬಾಗಿ ಪಟ್ಟನೆ ಮುರಿಯಿತು.

“ಎರಡೂ ಒಂದ ಮಾಲು,” ಎಂದರು ಸರ್. “ಒಂದರಾಗ ಎಳಿ ಉದ್ದಕ್ಕ ಅದಾವ, ಇನ್ನೊಂದರಾಗ ಅಡ್ಡ ಅದಾವ. ಕಬ್ಬಿಣಕ್ಕ ದಿಕ್ಕಿಲ್ರಿ. ಇದಕ್ಕ ಐತಿ. ಯಾವ ದಿಕ್ಕಿಗೆ ಎಷ್ಟು ಬಿಗಿ ಐತಿ ಅಂತ ಅಳದ ಹೇಳೋದು, ಅಷ್ಟ ನಮ್ಮ ಕೆಲಸ.”

ಆ ಕೆಲಸವನ್ನು ನಾನು ಪ್ರೀತಿಸಿದೆ. ಎಳೆಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಹಾಸಿ, ರಾಳ ಕುಡಿಸಿ, ರೋಲರಿನಿಂದ ಗಾಳಿಯ ಗುಳ್ಳೆ ಹೊರಗೆ ತಳ್ಳಿ ಹಲಗೆ ಮಾಡುತ್ತಿದ್ದೆವು. ಆಷಾಢದ ತೇವದ ಗಾಳಿಯಲ್ಲಿ ರಾಳ ಗಟ್ಟಿಯಾಗದೆ ಜಿಗುಟಾಗಿಯೇ ಉಳಿದು ಎಷ್ಟೋ ಹಲಗೆಗಳು ಹಾಳಾದವು. ಗಟ್ಟಿಯಾದವನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಮೂರು ಬಗೆಯಲ್ಲಿ ಪಟ್ಟಿಗಳಾಗಿ ಕೊಯ್ಯುತ್ತಿದ್ದೆವು. ಓರೆ ಪಟ್ಟಿ ಎಳೆದಾಗ ಎಳೆಗಳು ಒಂದರ ಪಕ್ಕ ಒಂದು ಜಾರಲು ನೋಡುತ್ತವೆ. ಆ ಜಾರುವಿಕೆಗೆ ಹಲಗೆ ಎಷ್ಟು ಎದುರು ನಿಲ್ಲುತ್ತದೆ ಎಂಬುದು ಅದರಿಂದ ಸಿಗುತ್ತಿತ್ತು. ಕಾಲೇಜಿನ ದೊಡ್ಡ ಯಂತ್ರ ಕಬ್ಬಿಣಕ್ಕಾಗಿ ಮಾಡಿದ್ದು, ಈ ತೆಳುವಾದ ಪಟ್ಟಿಗಳು ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಒಂದು ಚೌಕಟ್ಟಿಗೆ ಪಟ್ಟಿ ಕಟ್ಟಿ ಕೆಳಗೆ ತೂಕದ ಕಲ್ಲು ತೂಗುಹಾಕುತ್ತಿದ್ದೆವು. ಪಟ್ಟಿಯ ಮೈಮೇಲೆ ಉಗುರಿಗಿಂತ ಚಿಕ್ಕದಾದ ಒಂದು ತಂತಿಯ ಜಾಲರಿ ಅಂಟಿಸಿರುತ್ತಿತ್ತು. ಪಟ್ಟಿ ಕಣ್ಣಿಗೆ ಕಾಣದಷ್ಟು ಹಿಗ್ಗಿದರೂ ಅದು ಪೆಟ್ಟಿಗೆಯ ಮೇಲೆ ಅಂಕಿ ತೋರಿಸುತ್ತಿತ್ತು. ಫ್ಯಾನಿನ ಗಾಳಿ ತಾಗಿದರೂ ಅಂಕಿ ಕದಲುತ್ತಿದ್ದರಿಂದ ಓದುವಾಗ ಫ್ಯಾನು ಬಂದ್. ಅಲುಗಾಡುವ ಹಾಗಿಲ್ಲ, ಓಡಾಡುವ ಹಾಗಿಲ್ಲ. ತೂಕ ಹಾಕು, ಕಾಯಿ, ಓದು. ಉಸಿರು ಬಿಗಿಹಿಡಿದು ಕೂತಲ್ಲೇ ಕೂರುವ ಕೆಲಸ. ಅದರಲ್ಲಿ ನನ್ನಷ್ಟು ನುರಿತವರು ಅಲ್ಲಿ ಯಾರೂ ಇರಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ತೂಕದ ಕಲ್ಲು ಎತ್ತಿಕೊಂಡು ಏಳುವಾಗ ಕ್ಯಾಲಿಪರಿನ ರಿವೆಟ್ಟು ಹಾರಿತು. ಸರಳು ಒಂದು ಕಡೆ, ನಾನು ಒಂದು ಕಡೆ. ಸರ್ ಓಡಿ ಬಂದರು. ಕೊನೆಯ ವರ್ಷದ ವಿದ್ಯಾರ್ಥಿನಿ ಸುಮಂಗಲಾ ನನ್ನ ಕೈಹಿಡಿದು ಎಬ್ಬಿಸಿದಳು. ಹಿರೇವಡ್ಡಟ್ಟಿಯ ಹುಡುಗಿ, ಪ್ರಾಜೆಕ್ಟಿಗಾಗಿ ನಮ್ಮ ಜೊತೆ ಕೆಲಸ ಮಾಡುತ್ತಿದ್ದಳು. ಸರ್ ನನ್ನ ಮುಖ ನೋಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಉಕ್ಕಿನ ಸರಳನ್ನು ಎತ್ತಿ, ಕೈಯಲ್ಲಿ ತೂಗಿ ನೋಡಿದರು.

“ಇಷ್ಟು ವಜ್ಜಾ ಇಟಗೊಂಡು ನಡೀತೀರೇನ್ರಿ ನೀವು?” ಎಂದರು.

ನನ್ನ ಕಾಲಿನ ಬಗ್ಗೆ ಒಬ್ಬ ಗಂಡಸು ಎದುರಿಗೆ ನಿಂತು ಮಾತಾಡಿದ್ದು ಅದೇ ಮೊದಲು. ಮರುದಿನ ಅವರು ಕಾಗದದ ಮೇಲೆ ಒಂದು ಚಿತ್ರ ಬರೆದು ತಂದರು. ಮೀನಖಂಡದ ಹಿಂದಿನಿಂದ ಇಳಿದು ಅಂಗಾಲಿನ ಕೆಳಗೆ ಹೋಗುವ ಒಂದು ತೆಳುವಾದ ಫೈಬರ್ ಕವಚ. ಕೀಲಿಲ್ಲ, ಸರಳಿಲ್ಲ. ಚಪ್ಪಲಿಯ ಮೇಲೆಯೇ ಕೂರುತ್ತದೆ. ಎಳೆಗಳನ್ನು ಸರಿಯಾದ ದಿಕ್ಕಿಗೆ ಹಾಸಿದರೆ ಪಾದ ಜೋತುಬೀಳದಷ್ಟು ಬಿಗಿ, ಹೆಜ್ಜೆ ಹಾಕುವಾಗ ಬಾಗುವಷ್ಟು ಮೆದು.

“ನಮ್ಮ ಪಟ್ಟಿ ಲೆಕ್ಕ ಎಲ್ಲಾ ಐತಿ. ನಿಮ್ಮ ಕಾಲಿನ ಅಳತಿ ಅಷ್ಟ ಬೇಕು.”

“ಬ್ಯಾಡ್ರಿ ಸರ್,” ಎಂದೆ.

ಅವರು ಚಿತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಆದರೆ ಸುಮಂಗಲಾ ಬಿಡಲಿಲ್ಲ. ದಿನವೂ ಡಬ್ಬಿ ಬಿಚ್ಚುವಾಗ ಅದೇ ಮಾತು. “ಅಕ್ಕಾರ, ಸರ್ ಅಲ್ರಿ, ನಾ ಅಚ್ಚು ತಗೀತೀನಿ. ಸ್ಟೋರ್ ರೂಮಿನಾಗ. ಕದ ಹಾಕೊಂಡು.” ಒಂದು ದಿನ ನಾನು ಹೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಆ ದಿನ ಗಂಟೆ ಹೊಡೆಯುವವನು ರಜೆ ಹಾಕಿದ್ದ, ನಾನು ಬಹಳ ಹೊತ್ತು ಬಾಗಿಲ ಹಿಂದೆ ನಿಂತಿದ್ದೆ ಎಂಬುದಷ್ಟೇ ನೆನಪಿದೆ.

ಸ್ಟೋರ್ ರೂಮಿನಲ್ಲಿ ಕಿಟಕಿಗೆ ಹಳೆಯ ಪರೀಕ್ಷೆಯ ಕಾಗದ ಅಂಟಿಸಿದ್ದಳು. ನಾನು ಸ್ಟೂಲಿನ ಮೇಲೆ ಕೂತು ಸಲವಾರವನ್ನು ಮೊಣಕಾಲಿನ ತನಕ ಮಡಚಿದೆ. ನನ್ನ ಸ್ವಂತ ತಂಗಿಗೂ ಆ ಕಾಲನ್ನು ಬೆಳಕಿನಲ್ಲಿ ತೋರಿಸಿರಲಿಲ್ಲ. ಅದು ನನ್ನ ಮುಂಗೈಗಿಂತ ಸ್ವಲ್ಪ ದಪ್ಪ, ಚಳಿಗೆ ನೀಲಿಗಟ್ಟಿದ ಹಾಗೆ ಇರುತ್ತದೆ, ಮುಟ್ಟಿದರೆ ಯಾವಾಗಲೂ ತಣ್ಣಗೆ. ಕ್ಯಾಲಿಪರಿನ ಚರ್ಮದ ಪಟ್ಟಿ ಉಜ್ಜಿ ಉಜ್ಜಿ ಕಪ್ಪು ಬಳೆಯಂತಹ ಕಲೆ. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಸುಮಂಗಲಾ ಪ್ಲಾಸ್ಟರಿನ ಒದ್ದೆ ಪಟ್ಟಿಗಳನ್ನು ಸುತ್ತುತ್ತ ಹಿರೇವಡ್ಡಟ್ಟಿಯ ಎಮ್ಮೆಯ ಕಥೆ ಹೇಳಿದಳು. ಒಂದು ಸಲವೂ ಪಾಪ ಅನ್ನಲಿಲ್ಲ. ಆದರೂ ಆ ದಿನ ಮನೆಗೆ ಹೋಗಿ ಖಾಲಾ ಬಡಿಸಿದ ಊಟ ಬಿಟ್ಟು ಮಲಗಿದೆ. ಯಾರೋ ನನ್ನನ್ನು ತೊಳೆದು ಒಣಹಾಕಿದ ಹಾಗೆ ಅನಿಸಿತ್ತು.

ಮೊದಲ ಕವಚ ಬಹಳ ಬಿಗಿಯಾಯಿತು. ಹೆಜ್ಜೆ ಊರಿದರೆ ಪಾದ ಬಾಗದೆ ಮೊಣಕಾಲನ್ನು ಮುಂದಕ್ಕೆ ದೂಡುತ್ತಿತ್ತು. ಮತ್ತೆ ಪಟ್ಟಿ ಕೊಯ್ದೆವು, ಮತ್ತೆ ಅಳೆದೆವು. ಉದ್ದ ಎಳೆಯ ಪದರು ಕಡಿಮೆ ಮಾಡಿ, ಕಾಲು ತಿರುಚದಿರಲಿ ಎಂದು ನಡುನಡುವೆ ಓರೆ ಪದರು ಹಾಸಿದೆವು. ನನ್ನ ಕವಚದ ಬಿಗುವನ್ನು ನಾನೇ ತೂಕ ಹಾಕಿ, ನಾನೇ ಓದಿ, ನಾನೇ ಬರೆದೆ. ದಸರೆಯ ಹೊತ್ತಿಗೆ ಎರಡನೆಯದು ತಯಾರಾಯಿತು. ಹಾಕಿಕೊಂಡು ಪ್ರಯೋಗಾಲಯದ ಈ ಗೋಡೆಯಿಂದ ಆ ಗೋಡೆಗೆ ನಡೆದೆ.

ಸಪ್ಪಳವಿಲ್ಲ.

ಸರ್ ಮತ್ತು ಸುಮಂಗಲಾ ಏನೋ ಮಾತಾಡುತ್ತಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಗಂಟೆ ಹೊಡೆಯದ ಹೊತ್ತಿನಲ್ಲಿ ಬಾಗಿಲು ತೆಗೆದು ಪಡಸಾಲೆಗೆ ಹೋದೆ. ಕೋಣೆಗಳಲ್ಲಿ ಪಾಠ ನಡೆದಿತ್ತು. ಒಂದು ತಲೆಯೂ ತಿರುಗಲಿಲ್ಲ. ತುದಿಯವರೆಗೆ ಹೋಗಿ ನೀರು ಕುಡಿದು ಬಂದೆ.

ಆ ವಾರ ಲಕ್ಷ್ಮೇಶ್ವರಕ್ಕೆ ಹೋದೆ. ಮುಳಗುಂದ ದಾಟುವವರೆಗೆ ಬಸ್ಸಿನಲ್ಲಿ ನಿಂತೇ ಹೋದೆ, ಯಾರೂ ಎದ್ದು ಜಾಗ ಬಿಡಲಿಲ್ಲ. ಅದೂ ಒಂದು ಖುಷಿ. ಮನೆಯ ಹೊಸ್ತಿಲು ದಾಟಿ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಅಮ್ಮಿ ಬೆಚ್ಚಿ ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟಳು. ನಾನು ಬರುವುದು ಅವಳಿಗೆ ಓಣಿಯ ತಿರುವಿನಲ್ಲೇ ತಿಳಿಯಬೇಕಿತ್ತು.

“ಸಪ್ಪಳ ಇಲ್ದ ಬಂದೀ ಅಲ್ಲಾ,” ಎಂದಳು. ಆಮೇಲೆ ಅಲ್ಲೇ ಕೂತು ಅತ್ತಳು. ಅಬ್ಬಾ ಕವಚವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ, ಉಗುರಿನಿಂದ ಬಡಿದ. “ಛಲೋ ಐತಿ,” ಎಂದ. ಹಳೆಯ ಕ್ಯಾಲಿಪರನ್ನು ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟ.

ಚಳಿಗಾಲವಿಡೀ ನಾನು ನಡೆದದ್ದಕ್ಕೆ ಲೆಕ್ಕವಿಲ್ಲ. ಬೆಟಗೇರಿಯಿಂದ ಕಾಲೇಜಿಗೆ ಟಾಂಗಾ ಬಿಟ್ಟು ನಡೆದೇ ಹೋದೆ. ಮಾರ್ಕೆಟ್ಟಿನಲ್ಲಿ ಸುಮ್ಮಸುಮ್ಮನೆ ತಿರುಗಿದೆ. ಸಂಕ್ರಮಣ ಮುಗಿದು ಬಿಸಿಲು ಏರುವ ಹೊತ್ತಿಗೆ ಹಿಮ್ಮಡಿಯ ಹತ್ತಿರ ಕವಚ ಬಿಳಿಚಿಕೊಳ್ಳುತ್ತಿತ್ತು, ಉಗುರು ಒತ್ತಿದಾಗ ಮೂಡುವಂಥ ಬಿಳಿ. ಸರ್‌ಗೆ ತೋರಿಸಿದೆ. ಅವರು ನಾಣ್ಯದಿಂದ ಬಡಿದು ನೋಡಿದರು.

“ಮೇಲಿನ ರಾಳ ಅಷ್ಟ ಬಿರುಕು ಬಿಟ್ಟಂಗ ಕಾಣತೈತಿ. ಶಿರಹಟ್ಟಿ ಕ್ಯಾಂಪ್ ಒಂದು ಆಗಲ್ರಿ, ಹೊಸಾದು ಮಾಡೂಣು.”

ಶಿರಹಟ್ಟಿ ಮತ್ತು ಮುಂಡರಗಿ ತಾಲೂಕಿನ ಅಂಗವಿಕಲರಿಗಾಗಿ ಶಿರಹಟ್ಟಿಯ ಒಂದು ಶಾಲೆಯ ಮೈದಾನದಲ್ಲಿ ಶಿಬಿರ ಇಟ್ಟಿದ್ದರು. ನಮ್ಮ ಕವಚವನ್ನು ಅಲ್ಲಿ ತೋರಿಸಬೇಕೆಂದು ಕಾಲೇಜಿಗೆ ಕರೆ ಬಂದಿತ್ತು. ನಾನು ವೇದಿಕೆಯ ಮೇಲೆ ನಡೆಯಬೇಕು, ಅಷ್ಟೇ. ನಡೆಯುವುದಕ್ಕೆ ನಾನು ಒಪ್ಪಿದ್ದೆ. ನಿಜ ಹೇಳಬೇಕೆಂದರೆ, ಇಷ್ಟಪಟ್ಟೇ ಒಪ್ಪಿದ್ದೆ. ಲಕ್ಷ್ಮೇಶ್ವರದಿಂದ ಅಬ್ಬಾ ಅಂಗಡಿ ಮುಚ್ಚಿ ನೋಡಲು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಗಲ ಮೇಲೆ ಟವೆಲ್ಲು ಹೊದ್ದು, ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದ.

ಸರ್ ಮೊದಲು ಮೇಜಿನ ಮೇಲೆ ಪಟ್ಟಿಗಳನ್ನಿಟ್ಟು ತೂಕ ತೂಗುಹಾಕಿ ತೋರಿಸಿದರು. ಎಳೆಯ ದಿಕ್ಕು, ಬಿಗುವು, ಎಲ್ಲ ಹೇಳಿದರು. ಮುಂದಿನ ಸಾಲಿನವರು ಬೀಸಣಿಕೆ ಬೀಸಿಕೊಳ್ಳುತ್ತಿದ್ದರು. ಆಮೇಲೆ ನನ್ನ ಹೆಸರು ಕರೆದರು. ನಾನು ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಸಾಹೇಬರು, “ಏನೂ ಕಾಣವಲ್ದಲ್ರಿ. ಅರಿವಿ ಮ್ಯಾಲೆ ಮಾಡಿ ತೋರಿಸ್ರಿ,” ಎಂದರು. ದನಿಯಲ್ಲಿ ಕೆಟ್ಟತನವಿರಲಿಲ್ಲ. ಎಮ್ಮೆಯ ಹಲ್ಲು ತೋರಿಸು ಅನ್ನುವ ಹಾಗೆ ಇತ್ತು.

ನಾನು ಸರ್ ಕಡೆ ನೋಡಿದೆ. ಅವರು ಬ್ಯಾಡ ಅನ್ನುತ್ತಾರೆ ಅಂದುಕೊಂಡೆ. ಅವರು ಮೈಕಿನಿಂದ ಬಾಯಿ ಸರಿಸಿ, ತಗ್ಗಿದ ದನಿಯಲ್ಲಿ, “ಸ್ವಲ್ಪ ಅಷ್ಟರಿ. ಮೊಣಕಾಲ ತನಕ,” ಎಂದರು.

ಬಗ್ಗಿ ಸಲವಾರ ಮಡಚಿದೆ. ಮೈದಾನದ ತುಂಬ ಜನ. ಬಿಸಿಲು ನೇರ ಬೀಳುತ್ತಿತ್ತು. ಕವಚ ಹಿಂಬದಿಗಿರುವುದರಿಂದ ಎದುರಿನವರಿಗೆ ಕಂಡದ್ದು ಕಾಲೇ. ಎಲ್ಲರೂ ಸುಮ್ಮನಾದರು. ನಕ್ಕಿದ್ದರೂ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಬೇವಿನ ಮರದ ಕಡೆ ನೋಡಲಿಲ್ಲ. ಮತ್ತೆ ನಡೆದೆ. “ಪಾವಟಿಗಿ ಇಳದು ತೋರಿಸ್ರಿ,” ಎಂದರು ಅದೇ ಸಾಹೇಬರು. ವೇದಿಕೆಗೆ ಹಚ್ಚಿದ್ದ ಕಟ್ಟಿಗೆಯ ಪಾವಟಿಗೆಯ ಮೊದಲ ಮೆಟ್ಟಿಲ ಮೇಲೆ ಎಡಗಾಲು ಇಟ್ಟೆ. ಮೈಯ ಭಾರ ಅದರ ಮೇಲೆ ಬಂದಾಗ ಹಿಮ್ಮಡಿಯ ಬಳಿ ಒಣ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು. ನಾನು ಮುಖ ಕೆಳಗಾಗಿ ಬಿದ್ದೆ.

ಏಟು ಬಿದ್ದದ್ದು ನೆನಪಿಲ್ಲ. ನೆನಪಿರುವುದು, ಎರಡೂ ಕೈ ಮಣ್ಣಿನಲ್ಲಿ ಊರಿಕೊಂಡಿದ್ದರಿಂದ ಸಲವಾರ ಇಳಿಸಲು ಕೈ ಖಾಲಿ ಇಲ್ಲದಿದ್ದದ್ದು. ಪಾದ ಜೋತುಬಿದ್ದು ಪಕ್ಕಕ್ಕೆ ಮಲಗಿತ್ತು. “ಅಯ್ಯ, ಪಾಪ, ಹೆಣ್ಣಮಗಳು,” ಎಂದು ಯಾರೋ ಅಂದರು. ಅಷ್ಟರಲ್ಲಿ ಒಂದು ಟವೆಲ್ಲು ಕಾಲಿನ ಮೇಲೆ ಬಿತ್ತು. ಅಬ್ಬಾ ನೆಲದ ಮೇಲೆ ಕೂತಿದ್ದ. ಬಿಳಿ ಅಂಗಿಗೆಲ್ಲ ಧೂಳು.

“ಏಳು ಬೇಟಾ. ಮನಿಗೆ ಹೋಗೂಣು.”

ನನ್ನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು, ಮುರಿದ ಕವಚವನ್ನು ಕಂಕುಳಲ್ಲಿ ಇರುಕಿಕೊಂಡು ಜನರ ನಡುವೆ ನಡೆಸಿಕೊಂಡು ಹೋದ. ನನ್ನ ಪಾದ ಮಣ್ಣಿನಲ್ಲಿ ಗೆರೆ ಎಳೆಯುತ್ತ ಬಂತು. ಜನ ದಾರಿ ಬಿಟ್ಟರು. ಬಸ್ಸಿನಲ್ಲಿ ಲಕ್ಷ್ಮೇಶ್ವರದವರೆಗೂ ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. ಎಷ್ಟೋ ವರ್ಷ ನನ್ನ ಕಾಲು ಯಾರ ಗಮನಕ್ಕೂ ಬಾರದಿರಲಿ ಎಂದು ಎಣ್ಣೆ ಬಿಟ್ಟು, ಚರ್ಮ ಹೊಲಿದು ಕೊಟ್ಟವನು ಊರ ಮುಂದೆ ಅದನ್ನು ನೋಡಬೇಕಾಯಿತಲ್ಲ ಎಂದು ನನಗೆ ಸಾಯುವಷ್ಟು ನಾಚಿಕೆ. ಇಷ್ಟಪಟ್ಟು ನಡೆಯಲು ಹೋಗಿದ್ದೆನಲ್ಲ ಎಂದು ಅದರ ಮೇಲೆ ಇನ್ನೊಂದು ನಾಚಿಕೆ.

ಮರುದಿನ ಅಮ್ಮಿ ಮಂಚದ ಕೆಳಗಿನಿಂದ ಗೋಣಿ ಎಳೆದಳು. ಕ್ಯಾಲಿಪರ್ ಹಾಕಿಕೊಂಡು ಬಚ್ಚಲಿಗೆ ಹೋದೆ. ಕಟ್, ಕಿರ್. ಪಕ್ಕದ ಮನೆಯಲ್ಲಿ ನಡೆಯುತ್ತಿದ್ದ ಮಾತು ನಿಂತಿತು. ಓಣಿಗೆಲ್ಲ ತಿಳಿಯಿತು ಎಂದು ನನಗೆ ತಿಳಿಯಿತು. ಆಮೇಲೆ ನಾನು ಹಗಲಿಡೀ ಮಂಚ ಬಿಟ್ಟು ಇಳಿಯಲಿಲ್ಲ. ಕೆಲಸಕ್ಕೆ ಹೋಗುವುದಿಲ್ಲ ಎಂದೆ. ಯಾರೂ ಯಾಕೆ ಎಂದು ಕೇಳಲಿಲ್ಲ.

ಹೊಸಮನಿ ಸರ್ ಬಂದದ್ದು ಬೇಸಿಗೆ ಪೂರ್ತಿ ಬಲಿತ ಮೇಲೆ. ಮನೆಯ ಮುಂಭಾಗವೇ ಸೈಕಲ್ ಅಂಗಡಿ, ಒಳಗೆ ಮಲಗಿದ್ದ ನನಗೆ ಎಲ್ಲ ಕೇಳುತ್ತಿತ್ತು. ಅಬ್ಬಾ ಸ್ಟೂಲ್ ಕೊಟ್ಟ ಸಪ್ಪಳವಾಯಿತು. ಸರ್ ಕೂರಲಿಲ್ಲ.

“ಎಷ್ಟು ಸಲ ಬಸ್ ಸ್ಟ್ಯಾಂಡಿಗೆ ಬಂದು ವಾಪಸ್ ಹೋಗೇನ್ರಿ ನಾ. ಮಾರಿ ತೋರಸಾಕ ಆಗಲಿಲ್ಲ.”

“ನನಗ ಹೇಳಬ್ಯಾಡ್ರಿ,” ಎಂದ ಅಬ್ಬಾ. “ಬಿದ್ದಾಕಿ ಆಕಿ. ಆಕಿಗೆ ಹೇಳ್ರಿ.”

ನಾನು ಎದ್ದು ಹೋದೆ. ಬೇಕೆಂದೇ ಹೋದೆನೋ ಏನೋ, ಪ್ರತಿ ಹೆಜ್ಜೆಯೂ ಕೇಳಿಸುವ ಹಾಗೆ. ಬಾಗಿಲಲ್ಲಿ ನಿಂತೆ. ಸರ್ ಸೊರಗಿದ್ದರು. ಅವರು ನನ್ನ ಕ್ಯಾಲಿಪರಿನ ಕಡೆ ನೋಡದಿರಲು ಕಷ್ಟಪಡುತ್ತಿದ್ದರು.

“ಪ್ರತಿ ಪಟ್ಟಿ ಒಂದ ಸಲ ಅಷ್ಟ ಎಳದು ಅಳದ್ವಿ,” ಎಂದರು. “ನೀವು ದಿನಾ ನಡೀತೀರಿ, ದಿನಾ ಬಾಗತೈತಿ ಅನ್ನೋದು ನನ್ನ ಲೆಕ್ಕದಾಗ ಬರಲಿಲ್ಲ. ಬಿಳಿ ಆಗೇತಿ ಅಂತ ನೀವು ತೋರಿಸಿದ್ರಿ. ಆಗೂ ತಿಳೀಲಿಲ್ಲ.” ಸ್ಟೂಲನ್ನು ಪಕ್ಕಕ್ಕೆ ಸರಿಸಿದರು. “ಅದು ಇರಲಿ. ಆ ವೇದಿಕಿ ಮ್ಯಾಲೆ ನಾ ನಿಮ್ಮನ್ನ… ಒಂದು ಪಟ್ಟಿ ತೋರಿಸಿದಂಗ ತೋರಿಸಿದೆ. ಅದಕ್ಕ ಬಂದೇನಿ.”

ನನಗೆ ಸಿಟ್ಟು ಬರಬೇಕಿತ್ತು. ಬಂದಿದ್ದರೆ ಹಗುರಾಗುತ್ತಿದ್ದೆ. ಅವರು ತಲೆ ತಗ್ಗಿಸಿ ನಿಂತದ್ದು ನೋಡಿ ನನಗೇ ಇನ್ನಷ್ಟು ನಾಚಿಕೆಯಾಯಿತು. ನನ್ನ ಕಾಲಿನ ಸಲುವಾಗಿ ಇನ್ನೊಬ್ಬರು ತಲೆ ತಗ್ಗಿಸುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ.

“ಚಹಾ ಕುಡೀರಿ ಸರ್,” ಎಂದೆ. ಆಮೇಲೆ, “ಮುರದದ್ದು ಮನ್ಯಾಗ ಐತಿ. ಒಯ್ರಿ. ಯಾಕ ಮುರೀತು ನೋಡಬೇಕಲ್ಲ,” ಎಂದೆ.

ಅವರು ಒಯ್ಯಲಿಲ್ಲ. “ನೀವ ತಗೊಂಡು ಬರ್ರಿ,” ಎಂದು ಹೋದರು. ಒಂದು ವಾರ ಬಿಟ್ಟು ನಾನು ಹೋದೆ. ಕಾಲೇಜಿಗೆ ಬೇಸಿಗೆ ರಜೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ, ಬರೀ ನನ್ನ ಸಪ್ಪಳ.

ಕವಚದ ಮೇಲಿನ ಭಾಗದಿಂದ ಒಂದು ಪಟ್ಟಿ, ಹಿಮ್ಮಡಿಯ ಹತ್ತಿರದಿಂದ ಒಂದು ಪಟ್ಟಿ ಕೊಯ್ದೆ. ಎರಡಕ್ಕೂ ಒಂದೇ ತೂಕ ಹಾಕಿದೆ. ಮೇಲಿನದು ಮೊದಲಿನಷ್ಟೇ ಬಾಗಿತು. ಕೆಳಗಿನದು ನಾನು ಕೈಬಿಟ್ಟ ಕೂಡಲೇ ಸೋತು ಜೋತುಬಿತ್ತು. ಪದರುಗಳು ಒಳಗೆ ಒಂದಕ್ಕೊಂದು ಅಂಟು ಬಿಟ್ಟಿದ್ದವು, ಪುಸ್ತಕದ ಹಾಳೆಗಳ ಹಾಗೆ. ಆಮೇಲೆ ಸರ್ ಒಂದು ಸಣ್ಣ ಮೋಟಾರಿಗೆ ನಡು ತಪ್ಪಿಸಿ ಒಂದು ಚಕ್ರ ಕೂಡಿಸಿದರು. ಅದು ಹೊಸ ಪಟ್ಟಿಗಳನ್ನು ಹಗಲಿಡೀ ಹೆಜ್ಜೆಯ ಹಾಗೆ ಬಾಗಿಸುತ್ತಿತ್ತು. ಆಗಾಗ ನಿಲ್ಲಿಸಿ ನಾನು ಬಿಗುವನ್ನು ಅಳೆಯುತ್ತಿದ್ದೆ. ಮೊದಲಿಗೆ ಚೂರು ಬೇಗ ಇಳಿಯುತ್ತದೆ. ಆಮೇಲೆ ಬಹಳ ದಿನ ನಿಧಾನ, ಏನೂ ಆಗಿಲ್ಲ ಅನ್ನಿಸುವಷ್ಟು ನಿಧಾನ. ಕೊನೆಗೆ ಒಮ್ಮೆಲೇ ಹೋಗುತ್ತದೆ. ಹಿಮ್ಮಡಿಯ ಬಳಿ ಆಕಾರವನ್ನು ಅಗಲ ಮಾಡಿ, ಹೊರ ಪದರುಗಳ ದಿಕ್ಕು ಬದಲಿಸಿದರೆ ಆ ನಿಧಾನದ ಕಾಲ ಬಹಳ ಹಿಗ್ಗುತ್ತದೆ ಎಂದು ಕಂಡುಕೊಂಡೆವು. ಹಿಗ್ಗುತ್ತದೆ, ಮುಗಿಯದೆ ಇರುವುದಿಲ್ಲ. ಬಿಳಿಚಿದ ದಿನವೇ ತೆಗೆದಿಡಬೇಕು.

ಹೊಸದೊಂದು ನನಗಾಗಿ ಮಾಡಿಸಿಕೊಂಡೆ, ಹಾಕಿಕೊಂಡು ಪ್ರಯೋಗಾಲಯದ ಒಳಗೆ ನಡೆದೆ. ಹೊರಗೆ ಹೋಗುವಾಗ ಕಬ್ಬಿಣದ್ದೇ. ಬೀಳುವ ಹೆದರಿಕೆಯಿಂದಲ್ಲ. ಸಪ್ಪಳವಿಲ್ಲದೆ ನಡೆದರೆ ಶಿರಹಟ್ಟಿಯ ಮೈದಾನ ನೆನಪಾಗುತ್ತಿತ್ತು.

ಮೊದಲ ಮಳೆ ಬಿದ್ದ ವಾರ ಸುಮಂಗಲಾ ಪರೀಕ್ಷೆ ಮುಗಿಸಿ ಹೇಳಿಹೋಗಲು ಬಂದಿದ್ದಳು. ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು, ಪಕ್ಕದಲ್ಲಿ ಹತ್ತು ಹನ್ನೊಂದರ ಹುಡುಗಿ. ಹುಡುಗಿ ಒಂದು ಕೈಯಿಂದ ತೊಡೆ ಒತ್ತಿ ಹಿಡಿದು ಕಾಲು ಎಳೆದುಕೊಂಡು ಬಂದಿದ್ದಳು.

“ಸಿಂಗಟಾಲೂರಿನಿಂದ ಬಂದೇವ್ರಿ,” ಎಂದಳು ಹೆಂಗಸು. “ಶಿರಹಟ್ಟಿ ಕ್ಯಾಂಪಿನಾಗ ಫೈಬರಿಂದು ಹಾಕ್ಕೊಂಡು ನಡದ ಬಾಯಾರು ನೀವ ಏನ್ರಿ?”

ಸುಮಂಗಲಾ ನನ್ನ ಕಡೆ ನೋಡಿದಳು. ಇಲ್ಲ ಎನ್ನಬೇಕೆನಿಸಿತು. “ಬಿದ್ದಾಕಿ ನಾನ,” ಎಂದೆ.

“ಬಿದ್ದದ್ದೂ ನೋಡೇವ್ರಿ. ನಮ್ಮ ರೇಣವ್ವ ಮನಿಗೆ ಬಂದ ಮ್ಯಾಲೆ ಬಿದ್ದದ್ದರ ಸುದ್ದಿ ತಗೀಲಿಲ್ಲ. ಪಾವಟಿಗಿ ತನಕ ಹ್ಯಾಂಗ ನಡದ್ರು ನೋಡಿದೀ ಏನವ್ವಾ ಅಂತ ಅದನ್ನ ಕೇಳತಿದ್ಲು. ಈಕಿಗೂ ಒಂದು ಮಾಡಿಕೊಡ್ರಿ.”

ಅದು ಶಾಶ್ವತವಲ್ಲ, ಬಿಳಿಚಿದರೆ ಬಿಡಬೇಕು, ಬೆಳೆಯುವ ಹುಡುಗಿ, ಮತ್ತೆ ಮತ್ತೆ ಬದಲಿಸಬೇಕು ಎಂದು ನಾನು ಹೇಳಿದೆ. ಸರ್ ಹೊರಗಿನಿಂದ ಬಂದವರು ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತರು. “ಮೊದಲ ಅಚ್ಚು ತಗೀಬೇಕಾಗತೈತಿ. ಹುಡುಗಿನ್ನ ಕೇಳ್ರಿ,” ಎಂದು ಅಷ್ಟೇ ಹೇಳಿ, ಬಾಗಿಲು ಎಳೆದುಕೊಂಡು ಹೊರಟುಹೋದರು.

ಸ್ಟೋರ್ ರೂಮಿನಲ್ಲಿ ರೇಣವ್ವನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿದೆವು. ಸುಮಂಗಲಾ ಪ್ಲಾಸ್ಟರ್ ಕಲಸಿದಳು. ಹುಡುಗಿ ಎರಡೂ ಕೈಯಲ್ಲಿ ಲಂಗದ ಅಂಚು ಹಿಡಿದು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡಳು. ತಾಯಿ ಹೇಳಿದಳು, ಗದರಿದಳು, ಪುಸಲಾಯಿಸಿದಳು. ಹುಡುಗಿ ಗೋಡೆಯ ಕಡೆ ನೋಡುತ್ತಿದ್ದಳು. ಆ ಗೋಡೆಯ ಕಲೆಗಳು ನನಗೆ ಬಾಯಿಪಾಠವಾಗಿದ್ದವು.

ನಾನು ತಾಯಿಯನ್ನು ಹೊರಗೆ ಕೂರಲು ಹೇಳಿದೆ. ಇನ್ನೊಂದು ಸ್ಟೂಲ್ ಎಳೆದು ಹುಡುಗಿಯ ಎದುರು ಕೂತೆ. ಕ್ಯಾಲಿಪರಿನ ಚರ್ಮದ ಪಟ್ಟಿ ಒಂದೊಂದಾಗಿ ಬಿಚ್ಚಿದೆ. ಸಲವಾರ ಮಡಚುವಾಗ ಕಿವಿಯವರೆಗೆ ಬಿಸಿ ಏರಿತು. ಕಾಲನ್ನು ಕಿಟಕಿಯ ಕಾಗದದಿಂದ ಸೋಸಿ ಬರುತ್ತಿದ್ದ ಬೆಳಕಿಗೆ ಚಾಚಿದೆ. ರೇಣವ್ವ ಗೋಡೆಯಿಂದ ಕಣ್ಣು ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಕಪ್ಪು ಕಲೆಯನ್ನು ಬೆರಳಿನಿಂದ ಮುಟ್ಟಿದಳು.

“ನಿಮಗ ನಾಚಿಕಿ ಆಗಂಗಿಲ್ಲೇನ್ರಿ?” ಎಂದು ಕೇಳಿದಳು.

“ಆಗತೈತಿ,” ಎಂದೆ.

“ನನಗೂ,” ಎಂದಳು. ಆಮೇಲೆ ಲಂಗ ಬಿಟ್ಟು ತನ್ನ ಕಾಲನ್ನು ನನ್ನ ಕಾಲಿನ ಪಕ್ಕಕ್ಕೆ ತಂದು ಇಟ್ಟಳು.